ಬಲೆಗೆ ಬಿದ್ದ ಪ್ಲಾಸ್ಟಿಕ್ ದಡ ಸೇರಿದ ಬಗೆ

ಮೀನಿಗೆಂದು ಇಳಿಸಿದ ಬಲೆಯಲ್ಲಿ ಪ್ಲಾಸ್ಟಿಕ್ ಚೀಲ, ಬಾಟಲಿಗಳೂ ಬಂದರೆ ಏನು ಮಾಡಬೇಕು? ‘ದಡಕ್ಕೆ ತರಬೇಕು’ ಎಂದು ನೀವು ತಕ್ಷಣ ಉತ್ತರಿಸಬಹುದು. ತಂದ ಮೇಲೆ ಅದನ್ನು ಎಲ್ಲಿ ಹಾಕುವುದು? ಬೇರ್ಪಡಿಸುವವರು ಯಾರು? ಕೊಳ್ಳುವವರು ಯಾರು? ಇವಕ್ಕೆ ಉತ್ತರವಿಲ್ಲದಿದ್ದರೆ ಕಸ ಮರಳಿ ಸಮುದ್ರಕ್ಕೇ ಬೀಳುತ್ತದೆ. ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿಯೂ ಹೀಗೆಯೇ ಆಗುತ್ತಿತ್ತು. ಅಲ್ಲಿ ರೂಢಿ ಬದಲಾದುದನ್ನು ತಿಳಿಯಲು ಮೊದಲು ಬಲೆಯ ಚರಿತ್ರೆಯನ್ನು ನೋಡೋಣ.

ಹಿಂದೆ ನಮ್ಮ ಕರಾವಳಿಗಳಲ್ಲಿ ಬಲೆಗಳನ್ನು ಹತ್ತಿ, ನಾರು ಮುಂತಾದ ಸಸ್ಯಜನ್ಯ ನೂಲಿನಿಂದ ಹೆಣೆಯುತ್ತಿದ್ದರು. ಅವು ಬೇಗ ಕೊಳೆಯುತ್ತಿದ್ದುದರಿಂದ ಆಗಾಗ ಒಣಗಿಸಬೇಕಿತ್ತು, ತೊಗಟೆಯ ಕಷಾಯದಲ್ಲಿ ಅದ್ದಬೇಕಿತ್ತು. ಕಳೆದುಹೋದ ಬಲೆ ನೀರಿನಲ್ಲೇ ಕೊಳೆತು ಮುಗಿಯುತ್ತಿತ್ತು. 1952ರಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತಗಳ ನಡುವೆ ಒಪ್ಪಂದವಾಗಿ, ಮರುವರ್ಷ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಯಂತ್ರದೋಣಿಗಳು ಬಂದವು. ಆ ದಶಕದ ಕೊನೆಯಿಂದ ಸಂಶ್ಲೇಷಿತ ನೂಲಿನ ಬಲೆಗಳೂ ಭಾರತದಲ್ಲಿ ಬಳಕೆಗೆ ಬಂದವು.

ಈ ನೂಲುಗಳ ಹಿಂದೆ ಪ್ರಯೋಗಶಾಲೆಯ ಶೋಧಗಳಿದ್ದವು. 1933ರಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಅಧಿಕ ಒತ್ತಡದ ಪ್ರಯೋಗವೊಂದರಲ್ಲಿ ಆಕಸ್ಮಿಕವಾಗಿ ಪಾಲಿಎಥಿಲೀನ್ ಪಡೆದರು. 1935ರಲ್ಲಿ ಅಮೆರಿಕದ ಕ್ಯಾರೊಥರ್ಸ್ ತಂಡ ನೈಲಾನ್ ತಯಾರಿಸಿತು. ಇವು ಗಟ್ಟಿ, ಹಗುರ, ಕೊಳೆಯುವುದಿಲ್ಲ. ಮೀನುಗಾರನಿಗೆ ವರವಾದ ಈ ಗುಣವೇ ಸಮುದ್ರಕ್ಕೆ ತೊಂದರೆಯಾಯಿತು. ಕಳಚಿಹೋದ ನೈಲಾನ್ ಬಲೆ ಯಾರ ಹಿಡಿತದಲ್ಲೂ ಇಲ್ಲದೆ ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ. 1972ರಲ್ಲಿ ಕಾರ್ಪೆಂಟರ್ ಮತ್ತು ಸ್ಮಿತ್ ಸರ್ಗಾಸೋ ಸಮುದ್ರದ ಮೇಲ್ಮೈಯಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಕಂಡು ವರದಿ ಮಾಡಿದರು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಅಲೆಗಳ ಹೊಡೆತದಿಂದ ಪ್ಲಾಸ್ಟಿಕ್ ಪುಡಿಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ತೇಲುವುದಷ್ಟೇ ಕಸವಲ್ಲ ಎಂಬುದನ್ನು ಗಮನಿಸಿ. ಸಮುದ್ರದ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.025 ಗ್ರಾಂ. ಪಾಲಿಎಥಿಲೀನಿನದು 0.91ರಿಂದ 0.97, ಅದು ತೇಲುತ್ತದೆ. ನೈಲಾನ್ (ಸುಮಾರು 1.14), ಬಾಟಲಿಯ ಪಿಇಟಿ (ಸುಮಾರು 1.38) ಮುಳುಗುತ್ತವೆ. ತೇಲುವ ಚೀಲವೂ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು ಭಾರವಾದಾಗ ತಳ ಸೇರುತ್ತದೆ. ತಳವನ್ನು ಗುಡಿಸುತ್ತ ಸಾಗುವ ಟ್ರಾಲ್ ಬಲೆಗೆ ಮೀನಿನೊಂದಿಗೆ ಇಷ್ಟೊಂದು ಕಸ ಬರುವುದೇಕೆಂದು ಈಗ ತಿಳಿಯಿತಲ್ಲವೆ?

2017ರಲ್ಲಿ ಕೇರಳ ಸರ್ಕಾರ ನೀಂಡಕರ ಮತ್ತು ಎದುರು ದಡದ ಶಕ್ತಿಕುಳಂಗರದಲ್ಲಿ ‘ಶುಚಿತ್ವ ಸಾಗರಂ’ ಯೋಜನೆ ಆರಂಭಿಸಿತು. ಬಲೆಗೆ ಬಿದ್ದ ಪ್ಲಾಸ್ಟಿಕ್ ತುಂಬಲು ದೋಣಿಗಳಿಗೆ ಚೀಲ ಕೊಡಲಾಯಿತು. ದೋಣಿ ಮಾಲೀಕರ ಸಂಘಗಳು ಕೈಜೋಡಿಸಿದವು. ದಡದಲ್ಲಿ ಮೀನುಗಾರ ಸಮುದಾಯದ ಮಹಿಳೆಯರು ಕೂಲಿ ಪಡೆದು ಕಸವನ್ನು ತೊಳೆದು ಬೇರ್ಪಡಿಸಿದರು. ಬಂದರಿನಲ್ಲೇ ಚೂರು ಮಾಡುವ ಯಂತ್ರವನ್ನೂ ಸ್ಥಾಪಿಸಲಾಯಿತು. ಮೊದಲ 10 ತಿಂಗಳಲ್ಲಿ ದಡ ಸೇರಿದ ಪ್ಲಾಸ್ಟಿಕ್ ಸುಮಾರು 25 ಟನ್. ಸಮುದ್ರ ಕೆಟ್ಟರೆ ಮೀನು ಸಿಗದೆಂದು ಮೀನುಗಾರರಿಗೆ ಯಾರೂ ಉಪದೇಶಿಸಬೇಕಿರಲಿಲ್ಲ. ಇಲ್ಲದಿದ್ದುದು ವ್ಯವಸ್ಥೆ ಮಾತ್ರ.

ಉಪ್ಪುನೀರು, ಬಿಸಿಲುಗಳಿಂದ ಶಿಥಿಲವಾದ ಪ್ಲಾಸ್ಟಿಕ್ಕನ್ನು ಕರಗಿಸಿ ಹೊಸ ವಸ್ತು ಮಾಡುವುದು ಕಷ್ಟ. ಅದರ ಚೂರುಗಳು ರಸ್ತೆಯ ಡಾಂಬರಿಗೆ ಹೋದವು. ಈ ವಿಧಾನವನ್ನು ರೂಪಿಸಿದವರು ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನ ವಿಜ್ಞಾನದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಸುಮಾರು 160-170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಜಲ್ಲಿಯ ಮೇಲೆ ಚೂರುಗಳನ್ನು ಹಾಕಿದಾಗ ಅವು ಕರಗಿ ಕಲ್ಲಿಗೆ ತೆಳು ಲೇಪವಾಗುತ್ತವೆ. ಅನಂತರ ಡಾಂಬರು ಬೆರೆಸಿದರೆ ಅದು ಬಿಗಿಯಾಗಿ ಅಂಟಿ, ನೀರು ಒಳನುಗ್ಗುವುದನ್ನು ತಡೆಯುತ್ತದೆ. ಪಿವಿಸಿಯನ್ನು ಮಾತ್ರ ಬಳಸುವಂತಿಲ್ಲ. ಕಾಯಿಸಿದಾಗ ಅದರಿಂದ ಹೈಡ್ರೊಜನ್ ಕ್ಲೋರೈಡ್ ಅನಿಲ ಹೊಮ್ಮುತ್ತದೆ. ಆದುದರಿಂದ ಬೇರ್ಪಡಿಸುವ ಕೆಲಸ ಬಹಳ ಮುಖ್ಯ.

ಹಾಗೆಂದು ಮರುಚಕ್ರೀಕರಣವೊಂದೇ ಪರಿಹಾರವೆಂದು ಭಾವಿಸಬಾರದು. 2017ರ ಒಂದು ಅಧ್ಯಯನದ ಪ್ರಕಾರ 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಮರುಚಕ್ರೀಕರಣವಾದುದು ಈ ಕಸದ ಶೇಕಡ 9 ಮಾತ್ರ. ಇದರ ಮುಂದೆ 25 ಟನ್ ತೀರ ಅಲ್ಪ. 2022ರ ಜುಲೈ 1ರಿಂದ ಭಾರತದಲ್ಲಿ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಲಾಗಿದೆ. ಬಳಕೆ ತಗ್ಗಿಸುವುದು ಮೊದಲ ಹೆಜ್ಜೆ. ಆದರೆ ಈಗಾಗಲೇ ನೀರು ಸೇರಿರುವುದನ್ನು ಹೊರತರಲು ಬಂದರಿನ ವ್ಯವಸ್ಥೆಯೇ ಬೇಕು.

ಶಾಲೆಯಲ್ಲಿ ಒಂದು ಸರಳ ಪ್ರಯೋಗ ಮಾಡಿ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ನೀರಿನ ಬಾಟಲಿಯ ಒಂದು ತುಂಡು, ಅದರ ಮುಚ್ಚಳದ ಒಂದು ತುಂಡು, ಹಾಲಿನ ಚೀಲದ ಚೂರು, ಬಲೆಯ ಎಳೆ ಇವನ್ನು ಅದರಲ್ಲಿ ಹಾಕಿ, ಗಾಳಿಗುಳ್ಳೆ ಹೋಗುವಂತೆ ಕಲಕಿ. ಯಾವುದು ತೇಲಿತು, ಯಾವುದು ಮುಳುಗಿತು ಎಂದು ಪಟ್ಟಿ ಮಾಡಿ. ನೀವು ಮಂಗಳೂರು, ಮಲ್ಪೆ, ಕಾರವಾರಗಳಂಥ ಬಂದರುಗಳ ಬಳಿಯಿದ್ದರೆ ಒಮ್ಮೆ ಅಲ್ಲಿಗೆ ಹೋಗಿ, ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಎಲ್ಲಿ ಹಾಕುತ್ತಾರೆಂದು ವಿಚಾರಿಸಿ.