ಸೇವಾರ್ಥ ಕಂಬಳಿ ಚೌಕಗಳು

ಸೇವಾರ್ಥ ಕಂಬಳಿ ಚೌಕಗಳು ಎಂದರೆ ನಿರಾಶ್ರಿತರು, ಅನಾಥ ಮಕ್ಕಳು, ರೋಗಿಗಳು ಮೊದಲಾದವರಿಗೆ ಹೊದಿಕೆ ಒದಗಿಸುವ ಸಲುವಾಗಿ ಸ್ವಯಂಸೇವಕರು ನೂಲಿನಿಂದ ಹೆಣೆದುಕೊಡುವ, ಗೊತ್ತಾದ ಅಳತೆಯ ತುಂಡುಗಳು. ಇವನ್ನು ಎರಡು ಕಡ್ಡಿಗಳ ಹೆಣಿಗೆಯಿಂದಾಗಲಿ, ಒಂದೇ ಕೊಕ್ಕೆಯ ಕ್ರೋಶಾ ಕಸೂತಿಯಿಂದಾಗಲಿ ಸಿದ್ಧಪಡಿಸುತ್ತಾರೆ. ಹಲವರಿಂದ ಬಂದ ಚೌಕಗಳನ್ನು ಒಂದೆಡೆ ಸೇರಿಸಿ, ಅಂಚಿಗೆ ಅಂಚು ಹೊಲಿದಾಗ ಕಂಬಳಿಯಾಗುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿಯೂ ತುಂಡುಗಳನ್ನು ಕೂಡಿಸುವ ಕ್ರಮವಿದೆ. ಆದರೆ ಕೌದಿಯು ಹಳೆಯ ಬಟ್ಟೆಯ ಹೊಲಿಗೆ, ಇದು ನೂಲಿನ ಹೆಣಿಗೆ.

ಹಿನ್ನೆಲೆ

ಇಡೀ ಕಂಬಳಿಯೊಂದನ್ನು ಒಬ್ಬರೇ ಹೆಣೆಯಲು ಹೆಚ್ಚು ನೂಲು, ಹಲವು ವಾರಗಳ ಬಿಡುವು ಬೇಕಾಗುತ್ತದೆ. ಚೌಕವನ್ನಾದರೋ ಮನೆಯಲ್ಲಿ ಉಳಿದ ನೂಲಿನಿಂದ, ಬಿಡುವಾದಾಗ ಹೆಣೆಯಬಹುದು. ಹೊಸದಾಗಿ ಕಲಿಯುವ ಮಕ್ಕಳೂ, ದೊಡ್ಡ ಕೆಲಸವನ್ನು ಮಡಿಲಲ್ಲಿಟ್ಟುಕೊಳ್ಳಲಾಗದ ವೃದ್ಧರೂ ಇದರಲ್ಲಿ ಪಾಲ್ಗೊಳ್ಳಬಲ್ಲರು. ಈ ಪದ್ಧತಿ ಹಲವು ದೇಶಗಳಲ್ಲಿ ಹರಡಲು ಇದೇ ಮುಖ್ಯ ಕಾರಣ.

1930ರ ದಶಕದ ಆರಂಭದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನ್ಯೂಜಿಲೆಂಡಿನಲ್ಲಿ ಇಂತಹ ಚೌಕಗಳು ‘ಪೆಗ್ಗಿ ಚೌಕ’ಗಳೆಂದು ಪ್ರಸಿದ್ಧವಾದವು. ಪೆಗ್ಗಿ ಎಂಬ ಪುಟ್ಟ ಬಾಲಕಿಯ ಹೆಣಿಗೆಯಿಂದ ಆ ಹೆಸರು ಬಂದಿತು. ಅಲ್ಲಿನ ಗವರ್ನರ್ ಜನರಲ್ ಅವರ ಪತ್ನಿ ಲೇಡಿ ಬ್ಲೆಡಿಸ್ಲೊ ಅದಕ್ಕೆ ಪ್ರೋತ್ಸಾಹ ನೀಡಿದರು.

ಪ್ರಮುಖ ಪ್ರಯತ್ನಗಳು

ವಾರ್ಮ್ ಅಪ್ ಅಮೆರಿಕ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೂಲಿನ ಅಂಗಡಿ ನಡೆಸುತ್ತಿದ್ದ ಈವಿ ರೋಸೆನ್ 1991ರಲ್ಲಿ ಆರಂಭಿಸಿದರು. ಇಲ್ಲಿನ ತುಂಡು ಚೌಕವಲ್ಲ, 7×9 ಅಂಗುಲದ ಆಯತ. ಇಂತಹ 49 ತುಂಡುಗಳಿಂದ ಒಂದು ಕಂಬಳಿಯಾಗುತ್ತದೆ.

ರ‍್ಯಾಪ್ ವಿತ್ ಲವ್: ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸೋನಿಯಾ ಗಿಡ್ಲಿ-ಕಿಂಗ್ 1992ರಲ್ಲಿ ಸ್ಥಾಪಿಸಿದರು. 25 ಸೆಂ.ಮೀ. ಅಳತೆಯ 28 ಚೌಕಗಳನ್ನು ಅಡ್ಡಕ್ಕೆ 4, ಉದ್ದಕ್ಕೆ 7ರಂತೆ ಜೋಡಿಸುತ್ತಾರೆ.

ನಿಟ್-ಎ-ಸ್ಕ್ವೇರ್: ದಕ್ಷಿಣ ಆಫ್ರಿಕದ ಅನಾಥ ಹಾಗೂ ದುರ್ಬಲ ಮಕ್ಕಳಿಗಾಗಿ ನಡೆಯುವ ಈ ಕಾರ್ಯಕ್ಕೆ ಹೊರದೇಶಗಳಿಂದಲೂ ಅಂಚೆಯ ಮೂಲಕ ಚೌಕಗಳು ಬರುತ್ತವೆ. ಅಳತೆ 8 ಅಂಗುಲ, ಅಂದರೆ ಸುಮಾರು 20 ಸೆಂ.ಮೀ. ಆಫ್ರಿಕವೆಂದರೆ ಸದಾ ಬಿಸಿಲು ಎಂಬ ಭಾವನೆ ಸಾಮಾನ್ಯವಾದರೂ ಎತ್ತರದ ಪ್ರಸ್ಥಭೂಮಿಯಲ್ಲಿರುವ ಜೊಹಾನ್ಸ್‌ಬರ್ಗ್ ಪ್ರದೇಶದಲ್ಲಿ ಜೂನ್–ಜುಲೈ ತಿಂಗಳ ರಾತ್ರಿಗಳು ಕಡು ಚಳಿಯವು.

ಮಂಡೇಲಾ ದಿನದ 67 ಕಂಬಳಿಗಳು: ಕ್ಯಾರೊಲಿನ್ ಸ್ಟೇನ್ ಡಿಸೆಂಬರ್ 2013ರಲ್ಲಿ ಆರಂಭಿಸಿದರು. ನೆಲ್ಸನ್ ಮಂಡೇಲಾ ಅವರ 67 ವರ್ಷಗಳ ಸಾರ್ವಜನಿಕ ಸೇವೆಯನ್ನು ಈ ಸಂಖ್ಯೆ ಸೂಚಿಸುತ್ತದೆ.

ಭಾರತದಲ್ಲಿ

ಸುಭಶ್ರೀ ನಟರಾಜನ್ ಸ್ಥಾಪಿಸಿದ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗವು 31 ಜನವರಿ 2016ರಂದು ಚೆನ್ನೈನಲ್ಲಿ 11,148.5 ಚದರ ಮೀಟರ್ ವಿಸ್ತೀರ್ಣದ ಕ್ರೋಶಾ ಕಂಬಳಿಯನ್ನು ಜೋಡಿಸಿ ಗಿನ್ನೆಸ್ ದಾಖಲೆ ಸ್ಥಾಪಿಸಿತು. ಬೇರೆಬೇರೆ ಊರುಗಳ ಮಹಿಳೆಯರು ತಮ್ಮ ಮನೆಗಳಲ್ಲಿಯೇ ಹೆಣೆದ ಹೊದಿಕೆಗಳನ್ನು ಇಲ್ಲಿ ಕೂಡಿಸಲಾಗಿತ್ತು. ಅನಂತರ ಅವನ್ನು ಬಿಡಿಸಿ ಅಗತ್ಯವುಳ್ಳವರಿಗೆ ನೀಡಲಾಯಿತು.

ತಯಾರಿಕೆ

ಕಡ್ಡಿಗಳಲ್ಲಿ ಹೆಣೆಯುವಾಗ ಪ್ರತಿ ಸಾಲನ್ನೂ ಸಾದಾ ಹೆಣಿಗೆಯಲ್ಲಿಯೇ ಹೆಣೆಯುವುದು ರೂಢಿ. ಇದರಿಂದ ಅಂಚು ಸುರುಳಿ ಸುತ್ತುವುದಿಲ್ಲ. ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ಕ್ರೋಶಾದಲ್ಲಿ ‘ಗ್ರ್ಯಾನಿ ಸ್ಕ್ವೇರ್’ ಎಂಬ ಮಾದರಿ ಜನಪ್ರಿಯವಾಗಿದೆ. ನಡುವಿನ ಬಳೆಯಾಕಾರದ ಕುಣಿಕೆಯಿಂದ ಆರಂಭಿಸಿ, ಮೂರು ಮೂರು ಉದ್ದ ಕುಣಿಕೆಗಳ ಗುಂಪುಗಳನ್ನು ಸುತ್ತಲೂ ಹೆಣೆಯುತ್ತ ನಾಲ್ಕು ಮೂಲೆಗಳನ್ನು ಬೆಳೆಸಲಾಗುತ್ತದೆ.

ಒಂದೇ ಸಂಖ್ಯೆಯ ಕುಣಿಕೆಗಳನ್ನು ಹಾಕಿದರೂ ಕೈಯ ಬಿಗಿ, ನೂಲಿನ ದಪ್ಪ ಮತ್ತು ಕಡ್ಡಿಯ ಗಾತ್ರಕ್ಕೆ ತಕ್ಕಂತೆ ಚೌಕದ ಅಳತೆ ಬದಲಾಗುತ್ತದೆ. ಆದುದರಿಂದ ಕುಣಿಕೆಗಳನ್ನು ಎಣಿಸುವುದಕ್ಕಿಂತ ಅಳತೆಪಟ್ಟಿಯಿಂದ ಅಳೆಯುವುದೇ ಸರಿಯಾದ ಕ್ರಮ. ಕೊನೆಯಲ್ಲಿ ಉದ್ದವಾದ ನೂಲನ್ನು ಬಿಟ್ಟರೆ ಹೊಲಿಯುವವರಿಗೆ ಅನುಕೂಲವಾಗುತ್ತದೆ.

ಉಣ್ಣೆ ಹೆಚ್ಚು ಬೆಚ್ಚಗಿರುತ್ತದೆ ಮತ್ತು ಸುಲಭವಾಗಿ ಬೆಂಕಿ ಹತ್ತಿಕೊಳ್ಳುವುದಿಲ್ಲ. ಆದರೆ ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ಅಗ್ಗವಾದುದು, ಒಗೆಯಲು ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಒಲೆಯ ಬಳಿ ಮಲಗುವ ಕುಟುಂಬಗಳ ವಿಷಯದಲ್ಲಿ ಈ ಭೇದ ಗಂಭೀರವಾದುದು. ಹಸುಗೂಸುಗಳ ಹೊದಿಕೆಯಲ್ಲಿ ಬೆರಳು ಸಿಕ್ಕಿಕೊಳ್ಳುವಂತಹ ದೊಡ್ಡ ರಂಧ್ರಗಳಿರಬಾರದು.

ಮಿತಿಗಳು

ದೂರದೇಶಕ್ಕೆ ಕಳುಹಿಸುವ ಅಂಚೆ ವೆಚ್ಚವು ಕೆಲವೊಮ್ಮೆ ನೂಲಿನ ಬೆಲೆಯನ್ನೂ ಮೀರುತ್ತದೆ. ಅದೇ ಹಣದಿಂದ ಸ್ಥಳೀಯವಾಗಿಯೇ ಕಂಬಳಿ ಕೊಳ್ಳಬಹುದೆಂಬ ಆಕ್ಷೇಪ ನ್ಯಾಯವಾದುದು. ಚೌಕ ಹೆಣೆಯುವವರು ದೊರೆತಷ್ಟು ಸುಲಭವಾಗಿ ಅವನ್ನು ಜೋಡಿಸುವವರು ದೊರೆಯುವುದಿಲ್ಲ. ಹೊಲಿಯದ ಚೌಕಗಳ ರಾಶಿ ಯಾರ ಚಳಿಯನ್ನೂ ನೀಗುವುದಿಲ್ಲ. ಹೀಗಾಗಿ ಸಮೀಪದ ಆಸ್ಪತ್ರೆ ಅಥವಾ ಆಶ್ರಮದ ಅಗತ್ಯವನ್ನು ಮೊದಲು ವಿಚಾರಿಸಿ, ಅಳತೆ, ನೂಲು ಮತ್ತು ಜೋಡಿಸುವವರನ್ನು ಗೊತ್ತುಮಾಡಿಕೊಂಡು ಹೆಣಿಗೆಗೆ ತೊಡಗುವುದು ಉಚಿತ.