ವಕೀಲರಿಲ್ಲದೆ ವಿವಾಹ ವಿಚ್ಛೇದನ: ಕೌಟುಂಬಿಕ ನ್ಯಾಯಾಲಯದಲ್ಲಿ ಸ್ವಯಂ ವಾದ

ವಿಚ್ಛೇದನದ ಮಾತು ಬಂದೊಡನೆ ವಕೀಲರ ಶುಲ್ಕದ ಚಿಂತೆ ಕಾಡುವುದು ಸಹಜ. ಆದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದಲ್ಲಿ ಸ್ವಯಂ ವಾದವೇ ನಿಯಮ, ವಕೀಲರು ಅಪವಾದ. ಅದರ 13ನೆಯ ಕಲಮಿನಂತೆ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಹಕ್ಕಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ವ್ಯವಹಾರದಲ್ಲಿ ಅನುಮತಿ ಸುಲಭವಾಗಿ ದೊರೆಯುವುದರಿಂದ ಬಹುಮಂದಿಗೆ ಈ ನಿಯಮದ ಅರಿವೇ ಇಲ್ಲ. ಸಾಕ್ಷಿಗಳ ಹೇಳಿಕೆಯ ಸಾರಾಂಶವನ್ನಷ್ಟೇ ದಾಖಲಿಸುವುದು, ಔಪಚಾರಿಕ ಸಾಕ್ಷ್ಯಕ್ಕೆ ಪ್ರಮಾಣಪತ್ರ ಸ್ವೀಕರಿಸುವುದು ಮೊದಲಾದ ಸಡಿಲಿಕೆಗಳೂ ಈ ಕಾಯಿದೆಯಲ್ಲಿವೆ. ಪಕ್ಷಗಾರರನ್ನು ರಾಜಿಗೆ ತರಲು ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಆಪ್ತಸಲಹೆಗಾರರ ಭೇಟಿಯೂ ಅದರ ಅಂಗ.

ಇಲ್ಲಿ ಹೇಳುತ್ತಿರುವುದು 1955ರ ಹಿಂದೂ ವಿವಾಹ ಅಧಿನಿಯಮಕ್ಕೆ ಒಳಪಟ್ಟವರ ಕುರಿತು. ಸ್ವಯಂ ವಾದಕ್ಕೆ ಹೊಂದುವುದು ಮುಖ್ಯವಾಗಿ 13ಬಿ ಕಲಮಿನ ಪರಸ್ಪರ ಸಮ್ಮತಿಯ ವಿಚ್ಛೇದನ. ಒಂದು ವರ್ಷದಿಂದ ಪ್ರತ್ಯೇಕವಾಗಿದ್ದು ಇಬ್ಬರೂ ಸೇರಿ ಅರ್ಜಿ ಸಲ್ಲಿಸಬೇಕು. ಒಂದೇ ಸೂರಿನಡಿ ಇದ್ದೂ ಸತಿಪತಿಗಳಾಗಿ ಬಾಳದಿದ್ದರೆ ಅದೂ ಪ್ರತ್ಯೇಕ ವಾಸವೇ. ಆರು ತಿಂಗಳ ಬಳಿಕ, ಹದಿನೆಂಟು ತಿಂಗಳೊಳಗೆ, ಎರಡನೆಯ ಬಾರಿ ಕೋರಿಕೊಳ್ಳಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಡಿಕ್ರಿಯಾಗುವವರೆಗೆ ಯಾರೊಬ್ಬರೂ ಸಮ್ಮತಿಯನ್ನು ಹಿಂಪಡೆಯಬಹುದೆಂಬುದು ಅದೇ ನ್ಯಾಯಾಲಯದ 1991ರ ತೀರ್ಪು.

ನಿಜವಾದ ಅಪಾಯವಿರುವುದು ವಾದದಲ್ಲಲ್ಲ, ಒಪ್ಪಂದದ ಷರತ್ತುಗಳಲ್ಲಿ. ಸಮ್ಮತಿಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲವೆಂದು 19ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಬೇಗ ಮುಗಿದರೆ ಸಾಕೆಂಬ ಆತುರದಲ್ಲಿ ‘ಮುಂದೆ ಯಾವ ಕೋರಿಕೆಯೂ ಇಲ್ಲ’ ಎಂಬ ಸಾಲಿಗೆ ಸಹಿ ಹಾಕಿದ ಗೃಹಿಣಿ ಜೀವನಾಂಶ, ಮನೆಯ ಪಾಲು, ಸ್ತ್ರೀಧನ ಎಲ್ಲವನ್ನೂ ಒಂದೇ ಗೀಟಿನಲ್ಲಿ ಬಿಟ್ಟುಕೊಟ್ಟಿರುತ್ತಾಳೆ. ಗೃಹಸಾಲದ ಉಳಿದ ಕಂತುಗಳು ಯಾರ ಹೆಗಲಿಗೆ, ಮಗುವಿನ ಶಾಲಾಶುಲ್ಕ ಯಾರದು, ರಜೆಯಲ್ಲಿ ಮಗು ಎಲ್ಲಿರಬೇಕು, ಮೊತ್ತ ಯಾವ ದಿನಾಂಕಕ್ಕೆ ಕೈಸೇರಬೇಕು ಎಂಬುದೆಲ್ಲ ಬರಹದಲ್ಲಿರಲಿ. ನ್ಯಾಯಾಲಯದಲ್ಲಿ ತಾವೇ ನಿಂತರೂ, ಸಹಿಗೆ ಮುನ್ನ ಅನುಭವಿ ವಕೀಲರಿಗೆ ಒಮ್ಮೆ ತೋರಿಸಿ ಸಲಹೆ ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆ ಒಂದು ಭೇಟಿಯ ಶುಲ್ಕದಲ್ಲಿ ಜಿಪುಣತನ ತರವಲ್ಲ.

ಒಬ್ಬರು ಒಪ್ಪದಿದ್ದಲ್ಲಿ ಮಾತು ಬೇರೆ. ಕ್ರೌರ್ಯ ಅಥವಾ ಪರಿತ್ಯಾಗವನ್ನು ಸಾಕ್ಷ್ಯದಿಂದ ಸ್ಥಾಪಿಸಬೇಕು. ಹತ್ತಾರು ವರ್ಷ ಜೊತೆಗಿದ್ದವರನ್ನೇ ಪಾಟೀಸವಾಲಿಗೆ ಗುರಿಪಡಿಸಬೇಕು. ಕಣ್ಣೀರು, ಕೋಪಗಳ ನಡುವೆ ಸರಿಯಾದ ಪ್ರಶ್ನೆ ಕೇಳುವುದು ವಿದ್ಯಾವಂತರಿಗೂ ದುಸ್ತರ. ಜೀವನಾಂಶದ ವಿವಾದವಿದ್ದರೆ, 2020ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ, ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಇಂಥ ಪ್ರಕರಣಕ್ಕೆ ವಕೀಲರನ್ನು ನೇಮಿಸುವುದೇ ಲೇಸು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಿಂದ ಲಭ್ಯ. ಮುಂಬಯಿಯಾಗಲಿ ಚೆನ್ನೈಯಾಗಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಮದುವೆ ಧಾರವಾಡದಲ್ಲಿ, ಸಂಸಾರ ಮುಂಬಯಿಯಲ್ಲಿ, ಮುನಿಸಿಕೊಂಡ ಪತ್ನಿ ತವರಾದ ಉಡುಪಿಯಲ್ಲಿ. ಅರ್ಜಿ ಎಲ್ಲಿ? ವಿವಾಹ ನಡೆದ ಊರು, ಕೊನೆಗೆ ಕೂಡಿ ಬಾಳಿದ ಊರು, ಎದುರು ಪಕ್ಷದವರು ವಾಸಿಸುವ ಊರು, ಇವುಗಳಲ್ಲಿ ಎಲ್ಲಿಯಾದರೂ ಸಲ್ಲಿಸಬಹುದು. ಅರ್ಜಿದಾರಳು ಪತ್ನಿಯಾದರೆ ಆಕೆ ಈಗ ನೆಲೆಸಿರುವಲ್ಲಿಯೂ ಸರಿ. ಮುಂಬಯಿ, ಪುಣೆಗಳಲ್ಲಿ ಕಲಾಪ ಮರಾಠಿ ಅಥವಾ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡದ ಲಗ್ನಪತ್ರಿಕೆ, ಮನೆಯ ಪತ್ರಗಳಿಗೆ ಭಾಷಾಂತರ ಮಾಡಿಸಿಡಬೇಕು. ವಿವಾಹ ನೋಂದಣಿಯಾಗಿರದಿದ್ದರೆ ಆ ಲಗ್ನಪತ್ರಿಕೆ, ಮದುವೆಯ ಛಾಯಾಚಿತ್ರಗಳು ಪುರಾವೆಯಾಗಿ ಒದಗುತ್ತವೆ.

ಡಿಕ್ರಿಯಾದ ಮೇಲೆ ಅದರ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕೆಂದು ಹಿಂದೂ ವಿವಾಹ ಅಧಿನಿಯಮದ 23ನೆಯ ಕಲಂ ವಿಧಿಸಿದೆ. ಮರೆಯದೆ ಕೇಳಿ ಪಡೆಯಿರಿ.