ಸಿಎ-125

'ಸಿಎ' ಎಂದರೆ ಕ್ಯಾನ್ಸರ್ ಆಂಟಿಜನ್. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ತಂಡ ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟುವ ಪ್ರತಿಕಾಯವೊಂದನ್ನು ಕಂಡುಕೊಂಡಿತು. ಅದರ ಸಂಖ್ಯೆಯೇ 125. ಹೆಸರಿನಲ್ಲೇ ಕ್ಯಾನ್ಸರ್ ಇರುವುದರಿಂದ, ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಸಿಎ-125 ಅಂಕಿ 35 ದಾಟಿದರೆ ಸಾಕು, ಮನೆಮಂದಿ ಎದೆಗುಂದುತ್ತಾರೆ. ಆದರೆ ಆ ಪ್ರತಿಕಾಯ ಗುರುತಿಸುವ ಈ ಪ್ರೋಟೀನು ಹೊಟ್ಟೆಯ ಒಳಪೊರೆಯಿಂದಲೂ ಬರುತ್ತದೆ. ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್‌ಗಳಲ್ಲೂ ಏರುತ್ತದೆ. ಹೊಟ್ಟೆಯ ಕ್ಷಯದಲ್ಲಂತೂ ನೀರು ತುಂಬಿ ಅಂಕಿ ಹಲವು ನೂರು ಮುಟ್ಟಬಹುದು. ಕ್ಷಯವಾದರೋ ಮಾತ್ರೆಗಳಿಂದ ವಾಸಿಯಾಗುವ ಕಾಯಿಲೆ. ಅತ್ತ, ಮೊದಲ ಹಂತದ ಅಂಡಾಶಯದ ಕ್ಯಾನ್ಸರಿರುವ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಅಂಕಿ ಏರುವುದೇ ಇಲ್ಲ.

ಹಾಗಾದರೆ ಪರೀಕ್ಷೆಯೇ ದಂಡವೇ? ಖಂಡಿತ ಅಲ್ಲ. ಮುಟ್ಟು ನಿಂತವರ ಸ್ಕ್ಯಾನಿನಲ್ಲಿ ಗಡ್ಡೆ ಕಂಡಾಗ ಈ ಅಂಕಿಗೆ ತೂಕ ಬರುತ್ತದೆ; ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲೂ ಬೇಕು. ಎಲ್ಲರಿಗೂ ವರ್ಷವರ್ಷ ಮಾಡಿಸಿದರೆ ಒಳಿತಲ್ಲವೇ ಎಂಬ ವಾದವನ್ನು ಬ್ರಿಟನ್ನಿನಲ್ಲಿ 2 ಲಕ್ಷ ಮಹಿಳೆಯರ ಮೇಲೆ ಒರೆಗೆ ಹಚ್ಚಿದರು. ಸಾವು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ಗೊತ್ತಾಯಿತು. ಆದ್ದರಿಂದ ಕಲಬುರಗಿಯ ಮೋಮಿನಪುರದ ತಾಯಂದಿರೇ, ಹೊಟ್ಟೆಯುಬ್ಬರ, ಕಿಬ್ಬೊಟ್ಟೆ ನೋವು ವಾರಗಟ್ಟಲೆ ಬಿಡದಿದ್ದರೆ ನೀವಾಗಿಯೇ ರಕ್ತ ಕೊಟ್ಟು ಬರಬೇಡಿ. ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಕಲಬುರಗಿಯಲ್ಲೇ ಇದೆ.